ಬದು ಮೀಮಾಂಸೆ: ಸೆಟ್ಟೂರು ಸೀಮೆಯ ಭೂಹಕ್ಕನ್ನು ಕುರಿತ ಮಹಾಪ್ರಬಂಧದ ಸಾರ

ಹೊಲ ಯಾರದು ಎಂಬ ಪ್ರಶ್ನೆಗೆ ಆಂಧ್ರದ ಅನಂತಪುರ ಜಿಲ್ಲೆಯ ಸೆಟ್ಟೂರು ಸೀಮೆಯಲ್ಲಿ ಎರಡು ಪಂಥಗಳಿವೆ. 'ಉಳೋನು ಯಾರೋ ಅವನದು' ಎನ್ನುವುದು ಅರಳಿಕಟ್ಟೆ ಪಂಥ. ಕಚೇರಿಯ ಮುಂದೆ ಮೇಜು ಹಾಕಿಕೊಂಡು ಕೂತ ದಸ್ತಾವೇಜು ಬರಹಗಾರರ ಪಂಥವು ಉತ್ತರ ಕೊಡುವುದಿಲ್ಲ, 'ಝೆರಾಕ್ಸ್ ಎಷ್ಟು ಪ್ರತಿ ತಂದೀರಿ?' ಎಂದು ಮರುಪ್ರಶ್ನೆ ಹಾಕುತ್ತದೆ. ಎರಡನೆಯದೇ ಹೆಚ್ಚು ಶಾಸ್ತ್ರಶುದ್ಧವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಪರಂಪರೆಯ ವಿಚಾರ. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿ ಕಲೆಕ್ಟರಾಗಿ 1807ರವರೆಗೆ ಇದ್ದ. ಮಂತ್ರಾಲಯದ ಮಠದ ಭೂಮಿಯ ತಕರಾರು ಬಂದಾಗ ರಾಘವೇಂದ್ರ ಸ್ವಾಮಿಗಳೇ ಬೃಂದಾವನದಿಂದ ಎದ್ದುಬಂದು ಅವನಿಗೆ ವಿಷಯ ತಿಳಿಸಿದರೆಂದು ಐತಿಹ್ಯ. ಕಾಲವಾದ ಹಕ್ಕುದಾರರು ಖುದ್ದು ಹಾಜರಾಗಿ ನಿಜವನ್ನೇ ನುಡಿದ ಪ್ರಸಂಗ ಇದೊಂದೇ ಎಂದು ತೋರುತ್ತದೆ. ಆಮೇಲೆ ಕಾಲವಾದವರು ಹೆಬ್ಬೆಟ್ಟು ಒತ್ತಲು ಮಾತ್ರ ಬರತೊಡಗಿದರು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರೆಯಾಯಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ, ಅನಂತಪುರ ಆಂಧ್ರಕ್ಕೆ. ಅಂದಿನಿಂದ ಗಡಿಯಾಚೆಯ ಬೀಗರು ಪಹಣಿಗಾಗಿ ಅಲೆಯುತ್ತಾರೆ, ಈಚೆಯವರು ಆಂಧ್ರದ ಪಹಣಿಯಾದ ಅಡಂಗಲ್‌ಗಾಗಿ ಅಲೆಯುತ್ತಾರೆ. ಅಲೆದಾಟದಲ್ಲಿ ಭಾಷಾವಾರು ಭೇದ ಕಂಡುಬಂದಿಲ್ಲ.

ಇನ್ನು ತತ್ತ್ವವಿಚಾರ. 1908ರ ನೋಂದಣಿ ಕಾಯ್ದೆಯ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಅಲ್ಲಿ ರಿಜಿಸ್ಟರ್ ಆಗುವುದು ಕಾಗದ, ಹಕ್ಕಲ್ಲ. ಮಾರುವವನಿಗೆ ಮಾರುವ ಹಕ್ಕಿದೆಯೇ ಎಂದು ನೋಡುವುದು ಸಬ್ ರಿಜಿಸ್ಟ್ರಾರ್ ಕೆಲಸವಲ್ಲ. ನೋಡುತ್ತೇವೆಂದು ತಮಿಳುನಾಡು ಮಾಡಿಕೊಂಡಿದ್ದ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಕಂದಾಯ ಪುಸ್ತಕವೂ ಅಷ್ಟೇ. ಅದು ಕಂದಾಯ ಕಟ್ಟುವವನ ಹೆಸರು ಹೇಳುತ್ತದೆ, ಒಡೆಯನ ಹೆಸರನ್ನು ಊಹಿಸಿಕೊಳ್ಳಿ ಎನ್ನುತ್ತದೆ. ಹೊಲದ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ ರೈತನ ಬಳಿ ಇರುವುದು ಹೀಗೆ ಸರ್ಕಾರಿ ಮುದ್ರೆಯುಳ್ಳ ಒಂದು ಊಹೆ.

ಊಹೆಗೂ ಆಸ್ಪದವಿಲ್ಲದ ಪರಮಪದವೆಂದರೆ ಚುಕ್ಕೆ. ಬ್ರಿಟಿಷರ ಕಾಲದ ರೀಸೆಟಲ್‌ಮೆಂಟ್ ರಿಜಿಸ್ಟರಿನಲ್ಲಿ ಪಟ್ಟಾದಾರನ ಹೆಸರು ಇರಬೇಕಾದ ಕಡೆ ಗುಮಾಸ್ತರು ಅಲ್ಲಲ್ಲಿ ಸಾಲಾಗಿ ಚುಕ್ಕೆ ಇಟ್ಟು ಮುಂದೆ ಹೋದರು. ತೆಲುಗಿನಲ್ಲಿ ಇವಕ್ಕೆ 'ಚುಕ್ಕಲ ಭೂಮುಲು' ಎಂದೇ ಹೆಸರು. ಒಡೆಯ ಯಾರೆಂದು ಅಂದು ಇತ್ಯರ್ಥವಾಗಲಿಲ್ಲ ಎಂಬುದು ಕಚೇರಿಯ ವ್ಯಾಖ್ಯಾನ. ಅದು ಗುಮಾಸ್ತನಿಗೆ ಊಟದ ಹೊತ್ತಾಗಿತ್ತು ಎಂಬುದು ಅರಳಿಕಟ್ಟೆಯ ವ್ಯಾಖ್ಯಾನ. ಆ ಮಸಿ ಒಣಗಿ ತಲೆಮಾರುಗಳು ಉರುಳಿದವು, ಮೊಮ್ಮಕ್ಕಳು ಅದೇ ಹೊಲದಲ್ಲಿ ಶೇಂಗಾ ಬಿತ್ತಿದರು. 2016ರಲ್ಲಿ ಸರ್ಕಾರ ಈ ಜಮೀನುಗಳನ್ನು ನೋಂದಣಿ ಕಾಯ್ದೆಯ 22-ಎ ನಿಷೇಧಿತ ಪಟ್ಟಿಗೆ ಹಾಕಿದ ಮೇಲೆ ಮಾರುವಂತಿಲ್ಲ, ಅಡವಿಡುವಂತಿಲ್ಲ ಎಂದಾಯಿತು. ಚುಕ್ಕೆಯ ಮೇಲೆ ರಂಗೋಲಿ ಎಳೆಯಬಹುದು, ಮಗಳ ಮದುವೆ ಸಾಲ ಎತ್ತಲಾಗದು. 2017ರಲ್ಲಿ ಚುಕ್ಕೆಗಾಗಿಯೇ ಪ್ರತ್ಯೇಕ ಕಾಯ್ದೆ ಬಂತು. 2023ರ ಮೇ ತಿಂಗಳಲ್ಲಿ ರಾಜ್ಯದಾದ್ಯಂತ ಸುಮಾರು 2 ಲಕ್ಷ 6 ಸಾವಿರ ಎಕರೆಗೆ ಚುಕ್ಕೆಯಿಂದ ಬಿಡುಗಡೆಯೆಂದು ಘೋಷಣೆಯಾಯಿತು. ವಿರಾಮಚಿಹ್ನೆಯೊಂದು ಶಾಸನಸಭೆಯನ್ನು ಇಷ್ಟು ದುಡಿಸಿದ ಇನ್ನೊಂದು ನಿದರ್ಶನವನ್ನು ವ್ಯಾಕರಣಜ್ಞರು ತೋರಿಸಲಿ.

ಹನ್ನೆರಡು ವರ್ಷದ ಸೂತ್ರವನ್ನೂ ಇಲ್ಲಿಯೇ ವಿವೇಚಿಸಬೇಕು. ಪರರ ಹೊಲವನ್ನು 12 ವರ್ಷ ಎಡೆಬಿಡದೆ, ಎಲ್ಲರಿಗೂ ಕಾಣುವಂತೆ, ಒಡೆಯನಿಗೆ ಎದುರು ನಿಂತು ಅನುಭವಿಸಿದರೆ ಹಕ್ಕು ದಕ್ಕುತ್ತದೆ. ಸರ್ಕಾರದ ಜಮೀನಾದರೆ 30 ವರ್ಷ. ಇದನ್ನು ಪ್ರತಿಕೂಲ ಸ್ವಾಧೀನ ಎನ್ನುತ್ತಾರೆ. ಪಾಂಡವರ 12 ವರ್ಷದ ವನವಾಸ ಕಾನೂನಿನ ಲೆಕ್ಕಕ್ಕೆ ಸಿಗುತ್ತದೆ, ಅಜ್ಞಾತವಾಸ ಸಿಗದು, ಕದ್ದುಮುಚ್ಚಿ ಉಳುವಂತಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಈ ಸೂತ್ರವನ್ನು ತರ್ಕಹೀನವೆಂದು ಬೈದು ತಿದ್ದಲು ಹೇಳಿತು. ಕಾನೂನು ಆಯೋಗವು 2023ರ ತನ್ನ 280ನೇ ವರದಿಯಲ್ಲಿ ತಿದ್ದುವ ಅಗತ್ಯವಿಲ್ಲ ಎಂದಿತು, ಪದನಿಮಿತ್ತ ಸದಸ್ಯರಿಬ್ಬರು ಭಿನ್ನಮತ ಬರೆದರು. ಬೈದು, ಯೋಚಿಸಿ, ಇದ್ದಲ್ಲೇ ಬಿಡಲು ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಯಾರಾದರೂ ಆಯೋಗದ ಅಂಗಳದಲ್ಲೇ ಉತ್ತಿದ್ದರೂ ಅರ್ಧ ದಾರಿ ಸವೆಸಿರುತ್ತಿದ್ದರು.

ಈ ಸಂಶಯಗಳನ್ನೆಲ್ಲ ಬೇರುಸಹಿತ ಕೀಳಲು ಹೊರಟದ್ದೇ ಆಂಧ್ರದ 2022ರ ಭೂಹಕ್ಕು ಕಾಯ್ದೆ, ಜನರ ಬಾಯಲ್ಲಿ ಲ್ಯಾಂಡ್ ಟೈಟ್ಲಿಂಗ್ ಆಕ್ಟ್. ಇದರ ಮೂಲಪುರುಷ ರಾಬರ್ಟ್ ಟಾರೆನ್ಸ್ ವಕೀಲನಲ್ಲ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಸುಂಕದ ಅಧಿಕಾರಿ. ಬಂದರಿನಲ್ಲಿ ಹಡಗಿನ ಒಡೆತನವನ್ನು ಒಂದೇ ಪುಸ್ತಕದಲ್ಲಿ ಬರೆದು ಮುಗಿಸುವುದನ್ನು ಕಂಡವನು 1858ರಲ್ಲಿ ಅದೇ ಪದ್ಧತಿಯನ್ನು ಭೂಮಿಗೂ ತಂದ. ಕೆರೆಯೇ ತುಂಬದ ಸೆಟ್ಟೂರಿಗೆ ಹಡಗಿನ ಕಾನೂನು ಬಂದು ತಲುಪಿದ್ದು ಹೀಗೆ. ಆ ಕಾಯ್ದೆಯ ಪ್ರಕಾರ ಅಧಿಕಾರಿ ಒಡೆಯನ ಹೆಸರು ಬರೆಯುತ್ತಾನೆ, ಎರಡು ವರ್ಷ ಯಾರೂ ಆಕ್ಷೇಪಿಸದಿದ್ದರೆ ಅದೇ ಅಂತಿಮ ಸತ್ಯ. ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಬೆಂಗಳೂರಿಗೆ ಕೂಲಿಗೆ ಹೋದವನು ಮೂರನೇ ಯುಗಾದಿಗೆ ಊರಿಗೆ ಬಂದರೆ ಅವನ ಹೊಲದ ಸತ್ಯ ಬದಲಾಗಿರಬಹುದು. ಒಳ್ಳೆಯ ಉದ್ದೇಶಕ್ಕೆ ಕೆಟ್ಟ ಬೀಗ ಹಾಕಿದ ಹಾಗಾಯಿತೆಂಬುದು ಪ್ರಬಂಧಕಾರನ ಮತ. ಖಚಿತ ಹಕ್ಕು ಬೇಕೆಂಬುದು ಡಿ. ಸಿ. ವಾಧ್ವಾ ಸಮಿತಿ 1989ರಲ್ಲೇ ಹೇಳಿದ ಮಾತು, ಅದರಲ್ಲಿ ತಪ್ಪಿಲ್ಲ; ಕೋರ್ಟಿನ ಬಾಗಿಲು ಮುಚ್ಚಿ ಕೀಲಿಯನ್ನು ಕಂದಾಯ ಕಚೇರಿಯ ಡ್ರಾಯರಿನಲ್ಲಿ ಇಟ್ಟದ್ದು ತಪ್ಪು. ವಕೀಲರು ಕಲಾಪ ಬಹಿಷ್ಕರಿಸಿದರು. ವ್ಯಾಜ್ಯವೇ ಇಲ್ಲದ ಲೋಕವನ್ನು ನೆನೆದು ಅವರಿಗೆ ಆದ ದುಃಖದಲ್ಲಿ ಲೋಕಹಿತವೆಷ್ಟು, ಸ್ವಹಿತವೆಷ್ಟು ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದೆ. 2024ರ ಚುನಾವಣೆಯಲ್ಲಿ ಇದೇ ದೊಡ್ಡ ಮಾತಾಯಿತು. ಹೊಸ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಜೂನ್‌ನಲ್ಲಿ ಕುರ್ಚಿಗೆ ಕೂತು ಸಹಿ ಹಾಕಿದ ಎರಡನೇ ಕಡತವೇ ಇದರ ರದ್ದತಿ. ಜುಲೈನಲ್ಲಿ ಶಾಸನಸಭೆ ಮಸೂದೆ ಒಪ್ಪಿತು, ಅಂತಿಮ ಸತ್ಯ ಅಂತ್ಯವಾಯಿತು.

ಆದರೆ ಕಾಯ್ದೆ ಹೋದರೂ ಕಲ್ಲು ಹೋಗಲಿಲ್ಲ. 2020ರ ಡಿಸೆಂಬರ್‌ನಲ್ಲಿ ಶುರುವಾದ ರೀಸರ್ವೇಯಲ್ಲಿ ಡ್ರೋನ್ ಹಾರಿಸಿ, ರೋವರ್ ನೆಟ್ಟು, ಅಳತೆ ಮುಗಿದ ಊರುಗಳಲ್ಲಿ ಗಡಿಕಲ್ಲು ಹೂಳಿದರು. ಯೋಜನೆಯ ಹೆಸರಿನೊಳಗೇ ಆಗಿನ ಮುಖ್ಯಮಂತ್ರಿ ಜಗನ್ನರ ಹೆಸರು. ಪಾಸ್‌ಬುಕ್ಕಿನ ಮೇಲೆ ಅವರ ಫೋಟೋ. ಅಜ್ಜ ಬಿಟ್ಟ ಹೊಲಕ್ಕೆ ಯಾರದೋ ಮುಖವೇಕೆ ಎಂದು ರೈತರು ಕೇಳಿದರು, ಹೊಸ ಸರ್ಕಾರ ರಾಜಮುದ್ರೆಯ ಪಾಸ್‌ಬುಕ್ ಕೊಡುತ್ತೇನೆಂದಿತು. ಪುಸ್ತಕದ ರಟ್ಟು ಬದಲಿಸುವುದು ಸುಲಭ. ಅಕ್ಷರ ಕೆತ್ತಿದ ಕಲ್ಲಿನ ವಿಚಾರದಲ್ಲಿ ಮಾತ್ರ ಬದುವಿನ ಎರಡು ಕಡೆಯ ಅಣ್ಣತಮ್ಮಂದಿರ ನಡುವೆ ಗಂಭೀರ ಶಾಸ್ತ್ರಾರ್ಥ ನಡೆದಿದೆ.

'ಲೇ ತಮ್ಮಾ, ಅಕ್ಷರ ನಿನ್ ಕಡೆ ಮಕ ಮಾಡೈತೆ, ಅಂದ್ರೆ ಕಲ್ಲು ನಂದು.'

'ಅದೆಂಗಣ್ಣ? ಓದೋಕೆ ಸಿಗೋದು ನನಗೆ. ಓದೋನ್ದೇ ಕಲ್ಲು.'

ಸರ್ವೇಯರ್ ಇಬ್ಬರನ್ನೂ ನೋಡಿ, ಕಲ್ಲು ಸರ್ಕಾರದ್ದೆಂದು ತೀರ್ಪು ಕೊಟ್ಟು ಬೈಕ್ ಹತ್ತಿದ. ಆಡು ಕಟ್ಟಲು ಅದು ತಕ್ಕ ಎತ್ತರವಿದೆ ಎಂಬಷ್ಟರ ಮಟ್ಟಿಗೆ ಎರಡೂ ಪಕ್ಷಗಳಲ್ಲಿ ಸದ್ಯ ಒಮ್ಮತವಿದೆ. ಯಾರ ಆಡು ಎಂಬುದು ವಿಚಾರಣೆಯಲ್ಲಿದೆ.