ಕಂಡೆನ್ಸರ್ ಮೀಮಾಂಸೆ

ಪಠ್ಯಪುಸ್ತಕಗಳಲ್ಲಿ ಧಾರಕವೆಂದೂ, ಎಂಜಿನಿಯರುಗಳ ಬಾಯಲ್ಲಿ ಕೆಪಾಸಿಟರ್ ಎಂದೂ, ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರುಗಳ ರಿಪೇರಿ ಅಂಗಡಿಗಳಲ್ಲಿ ಕಂಡೆನ್ಸರ್ ಎಂದೂ ಹೆಸರು ಪಡೆದಿರುವ ವಸ್ತುವು, ಎರಡು ಲೋಹದ ಹಾಳೆಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ಅವಾಹಕ ಪದರವೊಂದನ್ನು ಇಟ್ಟು ಮಾಡಿದ, ಆಯುಷ್ಯವಿಡೀ ತನ್ನಷ್ಟಕ್ಕೆ ಯಾವ ಸದ್ದನ್ನೂ ಮಾಡದ, ಒಂದು ವೇಳೆ ಮಾಡಿದರೆ ಅದೇ ಕೊನೆಯ ಸದ್ದಾಗುವ ಬಿಡಿಭಾಗವಾಗಿದೆ. ಬ್ಯಾಟರಿಯಿಂದ ಬರುವಂಥ ಒಂದೇ ದಿಕ್ಕಿನ ಪ್ರವಾಹವನ್ನು ಅದು ತಡೆಯುತ್ತದೆ; ಸಂಗೀತದ ಸಂಕೇತದಂತೆ ದಿಕ್ಕು ಬದಲಿಸುತ್ತಲೇ ಇರುವ ಪ್ರವಾಹವನ್ನು ಮುಂದಕ್ಕೆ ಬಿಡುತ್ತದೆ. ಇಂಥ ಮೌನಿಯ ಕಂಠ ಮಧುರವೋ ಕರ್ಕಶವೋ ಎಂಬುದು, ಉತ್ತಮ ದರ್ಜೆಯ ಧ್ವನಿ ಉಪಕರಣಗಳ ಆರಾಧಕರಾದ ಆಡಿಯೋಫೈಲ್‌ಗಳ ನಡುವೆ ದಶಕಗಳಿಂದ ಇತ್ಯರ್ಥವಾಗದೆ ಉಳಿದ ವ್ಯಾಜ್ಯ.

ಈ ವ್ಯಾಜ್ಯಕ್ಕೆ ಶಾಸ್ತ್ರದ ಗೌರವ ತಂದುಕೊಟ್ಟವರು ವಾಲ್ಟ್ ಜಂಗ್ ಮತ್ತು ರಿಚರ್ಡ್ ಮಾರ್ಷ್. 1980ರಲ್ಲಿ ಅಮೆರಿಕದ ‘ಆಡಿಯೋ’ ಪತ್ರಿಕೆಯಲ್ಲಿ ಅವರು ಎರಡು ಕಂತುಗಳಲ್ಲಿ ಬರೆದ ಲೇಖನ, ಧ್ವನಿಗೆ ತಕ್ಕ ಕೆಪಾಸಿಟರನ್ನು ಆರಿಸುವ ಬಗೆಯನ್ನೇ ಕುರಿತದ್ದು. ಅವರು ಎತ್ತಿ ತೋರಿಸಿದ ದೋಷಗಳಲ್ಲಿ ಡೈಎಲೆಕ್ಟ್ರಿಕ್ ಅಬ್ಸಾರ್ಪ್ಷನ್ ಎಂಬುದು ಮುಖ್ಯವಾದದ್ದು: ಕೆಪಾಸಿಟರಿನ ಎರಡು ಕಾಲುಗಳನ್ನು ಕೂಡಿಸಿ ಪೂರ್ತಿ ಬರಿದು ಮಾಡಿ ಬಿಟ್ಟರೂ, ಸ್ವಲ್ಪ ಹೊತ್ತಿನ ಮೇಲೆ ಅದರಲ್ಲಿ ಹಳೆಯ ವೋಲ್ಟೇಜಿನ ಒಂದಂಶ ತಾನಾಗಿ ಮರಳಿ ಬಂದಿರುತ್ತದೆ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಿಂದ ಮಾಡಿದವುಗಳಲ್ಲಿ ಈ ಅಂಶ ಬಹಳ ಅಲ್ಪ, ಪಾಲಿಯೆಸ್ಟರಿನವುಗಳಲ್ಲಿ ಅದಕ್ಕಿಂತ ಹೆಚ್ಚು, ಅಲ್ಯೂಮಿನಿಯಂ ಹಾಳೆಯನ್ನು ಎಲೆಕ್ಟ್ರೋಲೈಟ್ ಎಂಬ ದ್ರಾವಣದಲ್ಲಿ ನೆನೆಸಿ ಮಾಡಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಲ್ಲಿ ಶೇಕಡಾ ಕೆಲವು ಪಾಲಿನಷ್ಟು. ಇದರಿಂದ ಆರಾಧಕರು ಎಲೆಕ್ಟ್ರೋಲಿಟಿಕ್ ಕೀಳು, ಪಾಲಿಪ್ರೊಪಿಲೀನ್ ಮೇಲು ಎಂಬ ವರ್ಣವ್ಯವಸ್ಥೆಯೊಂದನ್ನು ಕಟ್ಟಿಕೊಂಡರು. ತಯಾರಕರು ಆ ವ್ಯವಸ್ಥೆಗೆ ಮೇಲಿನಿಂದ ಇನ್ನೂ ಕೆಲವು ಮಹಡಿಗಳನ್ನು ಏರಿಸಿದರು.

ಆ ಮಹಡಿಗಳಲ್ಲಿ ವಾಸಿಸುವವರ ವೈಭವ ಸಾಮಾನ್ಯದ್ದಲ್ಲ. ಜಪಾನಿನ ಎಲ್ನಾ ಕಂಪನಿಯ ಸಿಲ್ಮಿಕ್ ಎಂಬ ಮಾದರಿಯೊಳಗೆ, ಹಾಳೆಗಳನ್ನು ಬೇರ್ಪಡಿಸುವ ಕಾಗದದಲ್ಲಿ ರೇಷ್ಮೆಯ ನಾರನ್ನು ಬೆರೆಸಲಾಗಿದೆ. ರೇಷ್ಮೆಯ ಮೃದುತ್ವವು ಕಂಪನಗಳನ್ನು ತಗ್ಗಿಸಿ ಸಂಗೀತವನ್ನು ಹಿತಗೊಳಿಸುತ್ತದೆಂಬುದು ತಯಾರಕರ ವಾದ. ಜರ್ಮನಿಯ ಮುಂಡೋರ್ಫ್ ಕಂಪನಿಯ ಒಂದು ಮಾದರಿಯಲ್ಲಿ ಬೆಳ್ಳಿ, ಚಿನ್ನ, ಎಣ್ಣೆ ಮೂರೂ ಸೇರಿವೆ. ಅಮೆರಿಕದ ಜುಪಿಟರ್ ಎಂಬ ಹೆಸರಿನವರು ಕಾಗದವನ್ನು ಜೇನುಮೇಣದಲ್ಲಿ ಅದ್ದಿ ಮಾಡಿದ್ದುಂಟು. ಹೀಗೆ ಅಕ್ಕಸಾಲಿಗ, ಗಾಣಿಗ, ನೇಕಾರ, ಜೇನು ಕೀಳುವವ ಈ ನಾಲ್ವರೂ ಕೈಜೋಡಿಸದೆ ಹಾಡು ಹೊರಬರಲಾರದೆಂಬ ನಂಬಿಕೆ ಬೇರೂರಿತು. ರೇಷ್ಮೆ ಉತ್ಪಾದನೆಯಲ್ಲಿ ದೇಶಕ್ಕೇ ಮೊದಲೆನಿಸಿದ ಕರ್ನಾಟಕದ ಗೃಹಿಣಿಯರು, ಸೀರೆಯ ಮಾತೆತ್ತಿದಾಗ ಕೈ ಬಿಗಿಹಿಡಿಯುವ ಯಜಮಾನರು ಆಂಪ್ಲಿಫೈಯರಿಗೆ ರೇಷ್ಮೆ ಉಡಿಸುತ್ತಿರುವುದನ್ನು ಇನ್ನೂ ಅರಿತಿಲ್ಲವೆಂಬುದು ಈ ಹವ್ಯಾಸ ಉಳಿದುಬಂದಿರುವುದಕ್ಕೆ ಒಂದು ಕಾರಣವಿರಬಹುದು.

ಇಷ್ಟೆಲ್ಲ ಸಂಭ್ರಮದ ನಡುವೆ ಮರೆತುಹೋಗುವ ಸಂಗತಿಯೆಂದರೆ, ಒಂದೇ ಉಪಕರಣದೊಳಗೆ ಕೆಪಾಸಿಟರುಗಳಿಗೆ ಬೇರೆಬೇರೆ ಹುದ್ದೆಗಳಿರುತ್ತವೆ. ವಿದ್ಯುತ್ ಪೂರೈಕೆಯ ಭಾಗದಲ್ಲಿ ಏರಿಳಿತವನ್ನು ಸಮಮಾಡಲು ಸಾವಿರಾರು ಮೈಕ್ರೋಫ್ಯಾರಡ್ ಸಾಮರ್ಥ್ಯ ಬೇಕಾಗುವುದರಿಂದ ಅಲ್ಲಿ ಎಲೆಕ್ಟ್ರೋಲಿಟಿಕ್‌ಗೆ ಬದಲಿಲ್ಲ. ಅಷ್ಟು ಸಾಮರ್ಥ್ಯವನ್ನು ಪಾಲಿಪ್ರೊಪಿಲೀನಿನಲ್ಲಿ ಕಟ್ಟಹೊರಟರೆ ಆಂಪ್ಲಿಫೈಯರು ಗೋದ್ರೇಜ್ ಬೀರುವಿನ ಗಾತ್ರಕ್ಕೆ ಬೆಳೆಯುತ್ತದೆ. ವಾಲ್ವ್ ಆಂಪ್ಲಿಫೈಯರಿನ ಒಂದು ಹಂತದಿಂದ ಇನ್ನೊಂದಕ್ಕೆ ಸಂಕೇತವನ್ನು ದಾಟಿಸುವ ಕಪ್ಲಿಂಗ್ ಸ್ಥಾನದಲ್ಲಾದರೋ 0.1 ಮೈಕ್ರೋಫ್ಯಾರಡ್ ಸಾಕು. ಎದುರಿಗೆ 470 ಕಿಲೋಓಮ್ ರೆಸಿಸ್ಟರ್ ಇದ್ದಲ್ಲಿ ಅದು ಸುಮಾರು 3.4 ಹರ್ಟ್ಸ್‌ನಿಂದ ಮೇಲಿನದನ್ನೆಲ್ಲ ಬಿಟ್ಟುಕೊಡುತ್ತದೆ, ಮನುಷ್ಯನ ಕಿವಿಯೋ 20 ಹರ್ಟ್ಸ್‌ಗಿಂತ ಕೆಳಗಿನದನ್ನು ಗುರುತಿಸುವುದೇ ಇಲ್ಲ. ಮೂರನೆಯ ಹುದ್ದೆ ಸ್ಪೀಕರ್ ಪೆಟ್ಟಿಗೆಯ ಕ್ರಾಸೋವರಿನಲ್ಲಿ, ಅಂದರೆ ತಾರಸ್ವರಗಳನ್ನು ಬೇರ್ಪಡಿಸಿ ಟ್ವೀಟರಿಗೆ ಕಳಿಸುವ ಜಾಗದಲ್ಲಿ. 8 ಓಮ್‌ನ ಟ್ವೀಟರಿಗೆ 3,000 ಹರ್ಟ್ಸ್‌ನಿಂದ ಮೇಲಿನದನ್ನು ಮಾತ್ರ ಕೊಡಬೇಕಾದರೆ ಲೆಕ್ಕಕ್ಕೆ ಬರುವ ಸಾಮರ್ಥ್ಯ 6.6 ಮೈಕ್ರೋಫ್ಯಾರಡ್, ಉತ್ತಮ ಜಾತಿ ಪಾಲಿಪ್ರೊಪಿಲೀನ್.

ಇಟ್ಟಿಗಿಯ ಮಹತ್ವ ಬೆಳಗುವುದು ಇಲ್ಲಿಯೇ. ಚಾವಣಿ ಫ್ಯಾನು ನಿಧಾನವಾದಾಗ ಬದಲಿಸುವ, 440 ವೋಲ್ಟ್ ತಡೆಯುವ, 2.5 ಮೈಕ್ರೋಫ್ಯಾರಡ್ ಕಂಡೆನ್ಸರು ಇಂದು ಲೋಹಲೇಪಿತ ಪಾಲಿಪ್ರೊಪಿಲೀನ್ ಹಾಳೆಯದೇ ಆಗಿರುತ್ತದೆ. ಕೂಲರ್ ಮೋಟರಿನ 4 ಮೈಕ್ರೋಫ್ಯಾರಡ್‌ನದೂ ಸಾಮಾನ್ಯವಾಗಿ ಅದೇ ಜಾತಿ. ಇವೆರಡನ್ನೂ ಪಕ್ಕಪಕ್ಕಕ್ಕೆ ಜೋಡಿಸಿದರೆ ಸಾಮರ್ಥ್ಯ ಕೂಡಿ 6.5 ಆಗುತ್ತದೆ, ಮೇಲಿನ ಟ್ವೀಟರಿಗೆ ಬೇಕಾದುದಕ್ಕೆ ಕೂದಲೆಳೆಯಷ್ಟೇ ಕಡಿಮೆ. ಮೋಟರಿಗೆಂದು ಮಾಡಿದ ಇಂಥ ಕೆಪಾಸಿಟರುಗಳನ್ನು ವಿದೇಶಗಳ ಹವ್ಯಾಸಿಗಳು ತಮ್ಮ ವಾಲ್ವ್ ಆಂಪ್ಲಿಫೈಯರುಗಳಲ್ಲಿ ಅಭಿಮಾನದಿಂದ ಬಳಸುವುದೂ ಉಂಟು. ಪಾಶ್ಚಾತ್ಯ ಸಿರಿವಂತರು ಹುಡುಕಿ ತರಿಸುವ ಪದಾರ್ಥವು ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಮನೆಮನೆಯ ತೊಲೆಗೆ ತೂಗುಬಿದ್ದು, ಬೇಸಿಗೆಯ ಮಧ್ಯಾಹ್ನ ಉಂಡು ಮಲಗಿದವರ ಮೇಲೆ ಗಾಳಿ ಬೀಸುವ ಸೇವೆಯಲ್ಲಿ ತೊಡಗಿರುವುದನ್ನು ಆಡಿಯೋ ಚರಿತ್ರಕಾರರು ಇನ್ನೂ ದಾಖಲಿಸಬೇಕಾಗಿದೆ.

ಆದರೂ ಆರಾಧಕರು ಒಪ್ಪುವವರಲ್ಲ. ಹೊಸ ಕೆಪಾಸಿಟರು ನೂರು ಗಂಟೆ, ಕೆಲವರ ಮತದಲ್ಲಿ ನಾನೂರು ಗಂಟೆ, ನುಡಿದು ಪಳಗಿದ ಮೇಲಷ್ಟೇ ತನ್ನ ನಿಜಸ್ವರೂಪ ತೋರುತ್ತದೆಂದು ಅವರು ಹೇಳುತ್ತಾರೆ. ಬಹುಕಾಲ ಕಪಾಟಿನಲ್ಲಿ ಬಿದ್ದಿದ್ದ ಎಲೆಕ್ಟ್ರೋಲಿಟಿಕ್‌ನೊಳಗಿನ ಆಕ್ಸೈಡ್ ಪದರ ವೋಲ್ಟೇಜು ಕೊಟ್ಟಾಗ ಮತ್ತೆ ಗಟ್ಟಿಗೊಳ್ಳುವುದು ನಿಜ. ಉಳಿದಂತೆ ಪಳಗುವುದು ಯಾವುದು, ಕೆಪಾಸಿಟರೋ ದುಡ್ಡು ತೆತ್ತ ಕಿವಿಯೋ, ಎಂಬುದು ವಿಚಾರಣೀಯ. ಇದೇ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಒಮ್ಮೆಲೇ ಮೌನವಾಗುತ್ತಾರೆ. ಅವನು ಒಂದೇ ನುಡಿಯಲ್ಲಿ ಕಾರ್ಣಿಕವೆಂಬ ಭವಿಷ್ಯವಾಣಿ ಹೇಳುತ್ತಾನೆ. ಆ ಬಳಿಕ ಒಬ್ಬರು ಅದರಲ್ಲಿ ಮಳೆಯನ್ನೂ, ಇನ್ನೊಬ್ಬರು ಬೆಳೆಯನ್ನೂ, ಮತ್ತೊಬ್ಬರು ಮಂತ್ರಿಮಂಡಲದ ಪತನವನ್ನೂ ಕಾಣುತ್ತಾರೆ. ಆಡಿಯೋ ವಿಮರ್ಶಕರ ಕೋಣೆಯಲ್ಲಿ ನಡೆಯುವುದೂ ಇದೇ: ಒಂದೇ ಕೆಪಾಸಿಟರಿನ ಮೌನದಲ್ಲಿ ಒಬ್ಬರಿಗೆ ಬೆಚ್ಚನೆಯ ಪಿಟೀಲು, ಇನ್ನೊಬ್ಬರಿಗೆ ಮಸುಕಾದ ತಬಲಾ ಕೇಳಿಸುತ್ತದೆ. ಯಾವುದು ಯಾವುದೆಂದು ಹೇಳದೆ ಕೇಳಿಸುವ ಕುರುಡು ಪರೀಕ್ಷೆಯ ಮಾತು ಬಂದಾಗ ಮಾತ್ರ ಎಲ್ಲರಿಗೂ ಏಕಕಾಲಕ್ಕೆ ತುರ್ತು ಕೆಲಸ ನೆನಪಾಗುತ್ತದೆ.

ಅಳತೆಯ ಹಾದಿ ಹಿಡಿದವರೂ ಇದ್ದಾರೆ. ಬ್ರಿಟನ್ನಿನ ಸಿರಿಲ್ ಬೇಟ್‌ಮನ್ 2002ರಿಂದ ‘ಎಲೆಕ್ಟ್ರಾನಿಕ್ಸ್ ವರ್ಲ್ಡ್’ ಪತ್ರಿಕೆಯ ಲೇಖನಮಾಲೆಯಲ್ಲಿ ಬಗೆಬಗೆಯ ಕೆಪಾಸಿಟರುಗಳು ಸಂಕೇತಕ್ಕೆ ಬೆರೆಸುವ ವಿಕೃತಿಯನ್ನು ಅಳೆದು ಬರೆದರು. ಒಳ್ಳೆಯ ಪಾಲಿಪ್ರೊಪಿಲೀನ್ ಮತ್ತು ಸಿಒಜಿ ಎಂಬ ದರ್ಜೆಯ ಸೆರಾಮಿಕ್ ಕೆಪಾಸಿಟರುಗಳಲ್ಲಿ ಆ ವಿಕೃತಿ ಅಳತೆಗೇ ಸಿಗದಷ್ಟು ಕಡಿಮೆ, ಅಗ್ಗದ ಬೇರೆ ಸೆರಾಮಿಕ್‌ಗಳಲ್ಲಿ ಎದ್ದುಕಾಣುವಷ್ಟು ಹೆಚ್ಚು. ಅಂದರೆ ಜಾತಿಯಿಂದ ಜಾತಿಗೆ ವ್ಯತ್ಯಾಸವಿದೆ. ಒಂದೇ ಜಾತಿಯೊಳಗಿನ ಹತ್ತು ಪಟ್ಟು ಬೆಲೆಗೆ ಅಳತೆಯ ಸಾಕ್ಷಿ ಸಿಗುವುದು ಕಷ್ಟ. ಈ ಭಾಗದ ಬಿಸಿಲಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಎಲೆಕ್ಟ್ರೋಲಿಟಿಕ್‌ನ ಸುತ್ತಲಿನ ಉಷ್ಣತೆ 10 ಡಿಗ್ರಿ ಇಳಿದರೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ, ಏರಿದರೆ ಅರ್ಧವಾಗುತ್ತದೆ. ಪೆಟ್ಟಿಗೆಯೊಳಗೆ 65 ಡಿಗ್ರಿ ಇದ್ದು ದಿನಕ್ಕೆ 4 ಗಂಟೆ ಹಾಡಿಸುವ ಕಡೆ, 105 ಡಿಗ್ರಿಗೆ 2,000 ಗಂಟೆ ಎಂದು ಬರೆದದ್ದು ಸುಮಾರು 22 ವರ್ಷ ಬಾಳಿದರೆ, 85 ಡಿಗ್ರಿಗೆ ಅಷ್ಟೇ ಗಂಟೆ ಎಂದಿರುವುದು ಐದೂವರೆ ವರ್ಷಕ್ಕೆ ಒಣಗುತ್ತದೆ. ಇವೆರಡರ ಬೆಲೆಯ ಅಂತರ ಒಂದು ಮಿರ್ಚಿ-ಮಂಡಕ್ಕಿಯಷ್ಟೂ ಇರಲಿಕ್ಕಿಲ್ಲ.

ಹಳ್ಳಿಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕಂಡೆನ್ಸರ್ ಕೇಳಿದವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಎದಕ್ಕ ಬೇಕ್ರಿ, ಫ್ಯಾನಿಗಾ, ಮೋಟ್ರಿಗಾ?’ ಎಂಬುದು. ಚಿನ್ನ, ಬೆಳ್ಳಿ, ಜೇನುಮೇಣಗಳ ಚರ್ಚೆಗೆ ಮುನ್ನ ಕೇಳಬೇಕಾದದ್ದೂ ಇದೇ. ಹುದ್ದೆ ಗೊತ್ತಾದರೆ ಸಾಮರ್ಥ್ಯ, ವೋಲ್ಟೇಜು, ಉಷ್ಣತೆ, ಜಾತಿ ನಾಲ್ಕೂ ತಾವಾಗಿ ನಿಶ್ಚಯವಾಗಿ, ಉಳಿದ ಹಣಕ್ಕೆ ಹಾಡುಗಳನ್ನು ಕೊಳ್ಳಬಹುದು. ಇಷ್ಟಾದರೂ ಕೆಪಾಸಿಟರುಗಳ ಗುಣವನ್ನು ಇಂದ್ರಿಯಗಳಿಂದಲೇ ಅರಿಯಬೇಕೆಂದು ಹಟ ಹಿಡಿಯುವವರಿಗೆ ಒಂದು ಎಚ್ಚರಿಕೆ ಅಗತ್ಯ. ವಾಲ್ವ್ ಆಂಪ್ಲಿಫೈಯರಿನ ಪೂರೈಕೆಯ ಕೆಪಾಸಿಟರು, ಪ್ಲಗ್ಗನ್ನು ಕಿತ್ತ ಮೇಲೂ 400 ವೋಲ್ಟನ್ನು ಒಳಗೆ ಹಿಡಿದುಕೊಂಡಿರಬಲ್ಲದು. ರೆಸಿಸ್ಟರಿನ ಮೂಲಕ ಅದನ್ನು ಬರಿದು ಮಾಡದೆ ಬೆರಳಿಟ್ಟರೆ ಪ್ರಾಣಕ್ಕೇ ಸಂಚಕಾರ. ರೇಷ್ಮೆಯದಾಗಲಿ ಸಾದಾ ಕಾಗದದ್ದಾಗಲಿ, ಯಾವ ಕಂಪನಿಯದೇ ಆಗಲಿ, ಕಣ್ಣು ಕಟ್ಟಿಸಿಕೊಂಡವನೂ ಮೊದಲ ಸಲಕ್ಕೇ ತಪ್ಪದೆ ಗುರುತಿಸಬಲ್ಲ, ಎಲ್ಲ ಪಂಥದವರೂ ಒಂದೇ ಸ್ವರದಲ್ಲಿ ಒಪ್ಪುವ ಕೆಪಾಸಿಟರ್ ಗುಣವೆಂದರೆ ಅದೊಂದೇ.