ಸಾಹೇಬ, ಬಿ.ಎ. ಮೂರನೇ ಸೆಮಿಸ್ಟರ್

ನವಲಗುಂದದ ಸೀಮೆಯ ಯಾವುದಾದರೂ ಎರೆಮಣ್ಣಿನ ಊರಿಗೆ ಹೋಗಿ ‘ಸಾಹೇಬ್ರ ಮನಿ ಯಾವ್ದ್ರಿ?’ ಎಂದು ಕೇಳಿ ನೋಡಿ. ಪಿಡಿಒ ಮನೆ ತೋರಿಸುವುದಿಲ್ಲ, ಅವರು ಹುಬ್ಬಳ್ಳಿಯಿಂದ ಬಂದು ಹೋಗುವವರು. ತಲಾಠಿ ಮನೆಯನ್ನೂ ತೋರಿಸುವುದಿಲ್ಲ, ಅವರು ಬರುವುದು ಯಾವಾಗ ಎಂಬುದೇ ಊರಿಗೆ ಗೊತ್ತಿರುವುದಿಲ್ಲ. ತೋರಿಸುವುದು ಹನುಮಪ್ಪನ ಗುಡಿಯ ಹಿಂದಿನ ಒಂದು ಮಣ್ಣಿನ ಮಾಳಿಗೆ ಮನೆ. ಹೊರಗೆ ಎರಡು ಎತ್ತು, ಒಳಗೆ ಹತ್ತಿ ಅಂಡಿಗೆ, ಗೋಡೆಯ ಮೇಲೆ ಎಸ್ಸೆಸ್ಸೆಲ್ಸಿಯಲ್ಲಿ ಸಿಕ್ಕ ಸನ್ಮಾನದ ಫೋಟೊ. ಆ ಮನೆಯ ಸಾಹೇಬನಿಗೆ 19 ವರ್ಷ. ಧಾರವಾಡದಲ್ಲಿ ಬಿ.ಎ. ಮೂರನೇ ಸೆಮಿಸ್ಟರ್; ಎರಡನೆಯದರ ಇಂಗ್ಲಿಷ್ ಇನ್ನೂ ಬಾಕಿ.

ನಾನು ಪಾಠ ಹೇಳುವ ಕಾಲೇಜಿಗೆ ಇವನು ವರ್ಷ ವರ್ಷವೂ ಬರುತ್ತಾನೆ. ಊರು ಬೇರೆ, ಅಡ್ಡಹೆಸರು ಬೇರೆ, ಗೊಬ್ಬರದ ಚೀಲದಿಂದ ಹೊಲಿಸಿದ ಕೈಚೀಲ ಮಾತ್ರ ಅದೇ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೇ ಮೊದಲು. ಹೀಗಾಗಿ ಧಾರವಾಡದ ಬಸ್ಸು ಹತ್ತಿದ ದಿನವೇ ಊರು ಅವನಿಗೆ ಸಾಹೇಬಗಿರಿ ಕೊಟ್ಟುಬಿಟ್ಟಿದೆ. ಹುದ್ದೆ ಹೆಸರಿಗೆ ಅಂಟಿಕೊಳ್ಳುವುದು ಈ ಸೀಮೆಗೆ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದ ಚನ್ನಬಸಪ್ಪನವರು ಇವತ್ತಿಗೂ ಡೆಪ್ಯುಟಿ ಚನ್ನಬಸಪ್ಪನವರೇ. ಅವರು ಮೊದಲು ಡೆಪ್ಯುಟಿಯಾದರು, ಆಮೇಲೆ ಆ ಹೆಸರು ಬಂತು. ನಮ್ಮವನಿಗೆ ಹೆಸರು ಬಂದಾಗಿದೆ, ನೌಕರಿಯೊಂದು ಬರಬೇಕು.

ಮೊದಲ ದಿನ ತರಗತಿಯಲ್ಲಿ ಎಬ್ಬಿಸಿ ‘ಮುಂದೆ ಏನಾಗಬೇಕು ಅಂತೀಯಪ್ಪ?’ ಎಂದರೆ ಉತ್ತರ ತಡವಾಗುವುದಿಲ್ಲ.

‘ಐಎಎಸ್ ರೀ ಸರ್.’

‘ಯಾಕೆ?’

‘ಸಮಾಜ ಬದಲಾಯಿಸಬೇಕ್ರಿ ಸರ್.’

ಅವನ ಪಕ್ಕದಲ್ಲಿ ಡಾಕ್ಟರರ ಮಗ ಕೂತಿರುತ್ತಾನೆ. ಅದೇ ಪ್ರಶ್ನೆಗೆ ಅವನು ಹೆಗಲು ಹಾರಿಸಿ ‘ಇನ್ನೂ ಡಿಸೈಡ್ ಮಾಡಿಲ್ಲ ಸರ್’ ಎನ್ನುತ್ತಾನೆ. ಏನಾಗಬೇಕೋ ಗೊತ್ತಿಲ್ಲ ಎಂದು ನಿಶ್ಚಿಂತೆಯಿಂದ ಹೇಳುವುದು ಅಪ್ಪ ಓದಿದವರ ಮಕ್ಕಳಿಗಿರುವ ಸವಲತ್ತು. ಸಾಹೇಬನಿಗೆ ಅದಿಲ್ಲ. ಅವನು ಏನಾಗಬೇಕೆಂಬುದನ್ನು ಊರಿನ ಕಟ್ಟೆ ಅವನು ಏಳನೇ ಇಯತ್ತೆಯಲ್ಲಿದ್ದಾಗಲೇ ಠರಾವು ಮಾಡಿದೆ.

ಒಂದು ಸಂಗತಿ ನಾನು ಬಹಳ ಸಲ ಕಂಡಿದ್ದೇನೆ. ಸೆಮಿಸ್ಟರ್ ಏರಿದಂತೆ ಹುದ್ದೆ ಇಳಿಯುತ್ತದೆ. ಮೊದಲನೆಯದರಲ್ಲಿ ಐಎಎಸ್, ಮೂರರಲ್ಲಿ ಕೆಎಎಸ್, ಐದರಲ್ಲಿ ಪಿಎಸ್ಐ, ಡಿಗ್ರಿ ಮುಗಿಯುವಾಗ ಪಿಡಿಒ, ಅದರ ಮರುವರ್ಷ ‘ಎಫ್‌ಡಿಎ ಆದ್ರೂ ಅಡ್ಡಿಯಿಲ್ಲ, ಎಸ್‌ಡಿಎ ಆದ್ರೂ ಅಡ್ಡಿಯಿಲ್ಲ’. ಆದರೆ ಸಮಾಜ ಬದಲಾವಣೆಯ ಪಟ್ಟಿ ಒಂದು ಸಾಲೂ ಇಳಿಯುವುದಿಲ್ಲ. ಡಿ.ಸಿ. ಆಗಿ ಮಾಡಬೇಕೆಂದಿದ್ದನ್ನೆಲ್ಲ ಎಸ್‌ಡಿಎ ಆಗಿಯೇ ಮಾಡಿ ಮುಗಿಸುವ ಹುಮ್ಮಸ್ಸು ಹಾಗೇ ಇರುತ್ತದೆ.

ಪಟ್ಟಿ ಎಂದೆನಲ್ಲ, ಅದು ನಿಜಕ್ಕೂ ಇದೆ. ಇನ್ನೂರು ಪೇಜಿನ ನೋಟುಬುಕ್ಕಿನ ಹಿಂಬದಿಯಲ್ಲಿ, ‘ಅಧಿಕಾರ ವಹಿಸಿಕೊಂಡ ಮೊದಲ 100 ದಿನ’ ಎಂಬ ತಲೆಬರಹದ ಕೆಳಗೆ, ಕೆಂಪು ಪೆನ್ನಿನಲ್ಲಿ. ಮೊದಲನೆಯದು ಮಹದಾಯಿ ನದಿಯ ನೀರು. ಅವನ ಸೀಮೆಯ ಹುಡುಗ ಬೇರೆ ಯಾವುದನ್ನು ಮೊದಲು ಬರೆದಾನು? 1980ರ ಜುಲೈಯಲ್ಲಿ ನೀರಿನ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದಾಗ ಅವನ ಅಜ್ಜ ಗುಂಪಿನಲ್ಲಿದ್ದವನು. 2015ರ ಮಹದಾಯಿ ಧರಣಿಗೆ ಇವನೇ ದೊಡ್ಡಪ್ಪನ ಹೆಗಲೇರಿ ಹೋಗಿ ಬಂದಿದ್ದಾನೆ. ಮಹದಾಯಿ ನ್ಯಾಯಾಧಿಕರಣ 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ ಕೊಟ್ಟಿದ್ದು 13.42 ಟಿಎಂಸಿ, ಅದರಲ್ಲಿ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೆ ಕಳಸಾದಿಂದ 1.72, ಬಂಡೂರಿಯಿಂದ 2.18 ಎಂದು ದಶಮಾಂಶ ಬಿಡದೆ ಒಪ್ಪಿಸುತ್ತಾನೆ.

‘ಮೂರು ರಾಜ್ಯ, ಒಂದು ಕೇಂದ್ರ, ಸುಪ್ರೀಂ ಕೋರ್ಟು ಕೂಡಿ ಬಗೆಹರಿಯದ್ದು ನಿನ್ನಿಂದ 100 ದಿನದಲ್ಲಿ ಹೇಗಯ್ಯಾ?’ ಎಂದೆ.

‘ಇಚ್ಛಾಶಕ್ತಿ ಬೇಕ್ರಿ ಸರ್.’

ಈ ಉತ್ತರ ಕೊಟ್ಟ ಮಂತ್ರಿಗಳನ್ನೂ ನಾನು ಕೇಳಿದ್ದೇನೆ, ಅವರ ಹತ್ತಿರ ದಶಮಾಂಶ ಇರಲಿಲ್ಲ.

ಅವನ ವಾಸ ಬಿಸಿಎಂ ಹಾಸ್ಟೆಲಿನಲ್ಲಿ. ಮೊದಲ ವರ್ಷ ಸೀಟು ಸಿಗದೆ ಊರಿನ ಹಿರಿಯನೊಬ್ಬನ ಕೋಣೆಯಲ್ಲಿ, ಹಾಸ್ಟೆಲ್ ಹುಡುಗರ ಭಾಷೆಯಲ್ಲಿ ಹೇಳುವುದಾದರೆ ‘ಪ್ಯಾರಸೈಟ್’ ಆಗಿ ಮಲಗಿದ್ದ. ಈಗ ಅವನಿಗೇ ಸೀಟಾಗಿದೆ, ಅವನ ಮಂಚದ ಆಚೀಚೆ ಇಬ್ಬರು ಪ್ಯಾರಸೈಟುಗಳು ಮಲಗುತ್ತಾರೆ. ಅವರಿಗೆ ರಾತ್ರಿ ಹತ್ತರ ಮೇಲೆ ಮೀಸಲಾತಿಯ ಚರಿತ್ರೆ ಹೇಳುತ್ತಾನೆ. 1918ರ ಮಿಲ್ಲರ್ ಸಮಿತಿಯಿಂದ ಶುರುವಾಗಿ, 1975ರ ಹಾವನೂರ ವರದಿಗೆ ಬರುವಷ್ಟರಲ್ಲಿ ಒಬ್ಬ ಗೊರಕೆ ಹೊಡೆಯುತ್ತಿರುತ್ತಾನೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಎಂದು ಗೋಡೆಯ ಟೈಮ್‌ಟೇಬಲ್ ಹೇಳುತ್ತದೆ. ಏಳುವುದು ಅಲಾರಾಂ ಮಾತ್ರ.

ಹಗಲಾದರೆ ಸಪ್ತಾಪುರ. ಧಾರವಾಡದ ಪೇಢೆ ಲೈನ್ ಬಜಾರಿನಲ್ಲಿ ಸಿಗುವಂತೆ ಧಾರವಾಡದ ಭವಿಷ್ಯ ಸಪ್ತಾಪುರದಲ್ಲಿ ಸಿಗುತ್ತದೆ, ತಿಂಗಳ ಲೆಕ್ಕದಲ್ಲಿ. ಓಣಿಗೊಂದು ಕೋಚಿಂಗ್ ಕ್ಲಾಸು, ಮನೆಗೊಂದು ಪಿಜಿ, ಮಾಳಿಗೆಯ ಮೇಲೊಂದು ರೀಡಿಂಗ್ ರೂಮು. ಅಲ್ಲಿಯ ಚಹಾದಂಗಡಿಯಲ್ಲಿ ನಮ್ಮ ಸಾಹೇಬ ಸೀನಿಯರುಗಳ ಬಾಯಿಂದ ನಾಡಿನ ಸಮಕಾಲೀನ ಇತಿಹಾಸ ಕಲಿಯುತ್ತಾನೆ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ, 2022ರ ಏಪ್ರಿಲಿನಲ್ಲಿ ರದ್ದು. 384 ಕೆಎಎಸ್ ಹುದ್ದೆಗೆ 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್, ಕನ್ನಡ ಪ್ರಶ್ನೆಪತ್ರಿಕೆ ಕೆಟ್ಟಿತೆಂದು ಡಿಸೆಂಬರ್ 29ಕ್ಕೆ ಅದನ್ನೇ ಇನ್ನೊಂದು ಸಲ, ಅದಕ್ಕೂ ಮತ್ತೆ ತಕರಾರು. ನಡೆದ ಪರೀಕ್ಷೆಗಿಂತ ರದ್ದಾದ ಪರೀಕ್ಷೆಗಳ ತಾರೀಖು ಅವನಿಗೆ ಚೆನ್ನಾಗಿ ಬಾಯಿಗೆ ಬರುತ್ತದೆ. ಇಷ್ಟು ಕೇಳಿಯೂ ಅವನ ಉತ್ಸಾಹ ಕುಂದುವುದಿಲ್ಲ. ತಾನು ಬರೆಯುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ, ಹೋಗದಿದ್ದರೆ ತಾನೇ ಹೋಗಿ ಸರಿಮಾಡುತ್ತಾನೆ.

ಅವನ ಹವ್ಯಾಸಗಳ ಬಗ್ಗೆಯೂ ಹೇಳಬೇಕು. ಒಮ್ಮೆ ಹುಡುಗರನ್ನು ಕೂಡಿಸಿ ಅಣಕು ಸಂದರ್ಶನ ಮಾಡಿದೆ. ಸಾಹೇಬನ ಅರ್ಜಿಯಲ್ಲಿ ಹವ್ಯಾಸದ ಕಾಲಮ್ಮಿನೆದುರು ‘ಪುಸ್ತಕ ಓದುವುದು, ಸಂಗೀತ ಕೇಳುವುದು, ಪರಿಸರ ಸಂರಕ್ಷಣೆ’ ಎಂದಿತ್ತು. ಇತ್ತೀಚೆಗೆ ಓದಿದ ಪುಸ್ತಕ ಯಾವುದೆಂದರೆ ಹಳೆಯ ಪ್ರಶ್ನೆಪತ್ರಿಕೆಗಳ ಸಂಕಲನದ ಹೆಸರು ಹೇಳಿದ. ಸಂಗೀತ ಎಂದದ್ದಕ್ಕೆ ‘ಎಲ್ಲಾ ಕೇಳ್ತೀನ್ರಿ’ ಎಂದ. ಆಮೇಲೆ ಹೊರಗೆ ಕಟ್ಟೆಯ ಮೇಲೆ ಕೂತಾಗ ನಿಜ ಬಂತು. ಖಾಲಿ ಗಾಡಿ ಓಡಿಸುವ ಶರ್ಯತ್ತಿನಲ್ಲಿ ಅವನ ಜೋಡಿಗೆ ಎರಡು ಸಲ ಬಹುಮಾನ ಬಂದಿದೆ. ಎತ್ತಿನ ಬಾಯಿ ಬಿಡಿಸಿ, ಹಲ್ಲು ಎಣಿಸಿ ವಯಸ್ಸು ಹೇಳಬಲ್ಲ. ಭಜನೆಯಲ್ಲಿ ದಮ್ಮಡಿ ಹಿಡಿದರೆ ಬೆಳತನಕ ಕೂಡುತ್ತಾನೆ.

‘ಇದನ್ನೇ ಬರೀಬಾರದೇನೋ?’

‘ಅವೆಲ್ಲಾ ಹವ್ಯಾಸಕ್ಕ ಬರೂದಿಲ್ರಿ ಸರ್, ಅವು ಊರಾಗಿನೂ.’

ಮೌಢ್ಯದ ವಿಷಯದಲ್ಲಿ ಸಾಹೇಬ ಬಲು ಕಟ್ಟುನಿಟ್ಟು. 2017ರಲ್ಲಿ ಬಂದ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಿಂದ ಜಾರಿಯಾಗಿರುವುದನ್ನು ಊರಿನ ಜಾತ್ರೆಯಲ್ಲೇ ನಿಂತು ಸಾರಿದವನು. ಪರೀಕ್ಷೆಯ ದಿನ ಹಾಲ್ ಟಿಕೆಟ್ ತೆಗೆದರೆ ಮಡಿಕೆಯಿಂದ ಅರಿಶಿನ ಉದುರಿ ಡೆಸ್ಕು ಹಳದಿಯಾಯಿತು. ಸವದತ್ತಿ ಯಲ್ಲಮ್ಮನ ಭಂಡಾರ. ನಾನು ಮೇಲ್ವಿಚಾರಕ, ಸುಮ್ಮನೆ ನೋಡಿದೆ. ‘ಅವ್ವನ ಭಾವನೆಗೆ ಧಕ್ಕೆ ಆಗಬಾರದಲ್ರಿ’ ಎಂದು ತಾನೇ ಹೇಳಿ, ಬಲಗೈಯಿಂದ ಅಷ್ಟೂ ಭಂಡಾರವನ್ನು ಒಟ್ಟುಮಾಡಿ ಹಣೆಗೊಂದಿಷ್ಟು ಹಚ್ಚಿಕೊಂಡು ಉಳಿದದ್ದನ್ನು ಮತ್ತೆ ಮಡಿಕೆಗೇ ಸೇರಿಸಿದ.

ಎನ್ಎಸ್ಎಸ್‌ನ ಏಳು ದಿನದ ಶಿಬಿರದಲ್ಲಿ ಬೇರೊಂದು ಊರಿನ ಗಟಾರ ಬಳಿದ. ಬಿಳಿ ಟೊಪ್ಪಿಗೆ, ಕೈಯಲ್ಲಿ ಕಸಬರಗಿ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ಬದಲಾವಣೆ ನಮ್ಮಿಂದಲೇ’. ಮರುದಿನ ಊರಿನಿಂದ ಬಂದ ಬುತ್ತಿಯಲ್ಲಿ ತಂಗಿಯ ಅಕ್ಷರದ ಚೀಟಿ: ‘ಸ್ಟೇಟಸ್ ನೋಡಿದ್ವಿ. ಕಸಬರಗಿ ಹಿಡಿಯಾಕ ಯಾವಾಗ ಕಲತಿ ಅಂತ ಅವ್ವ ಕೇಳಾಕತ್ಯಾಳ. ದೀಪಾವಳಿಗೆ ಬಂದಾಗ ದನದ ಮನಿ ಬಳದು ತೋರಸಬೇಕಂತ.’

ಈ ಬುತ್ತಿಯ ಬಗ್ಗೆ ಹೇಳದಿದ್ದರೆ ಸಾಹೇಬನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಊರಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸು ಬೆಳಿಗ್ಗೆ ಧಾರವಾಡಕ್ಕೆ ಹೊರಡುವಾಗ ಅವನ ಅವ್ವ ಕಂಡಕ್ಟರನ ಕೈಗೆ ಗಂಟು ಕೊಡುತ್ತಾಳೆ. ಹಳೇ ಧೋತರದ ತುಂಡು, ಅದರೊಳಗೆ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ. ಇಷ್ಟು ಎಲ್ಲ ಅವ್ವಂದಿರೂ ಕಳಿಸುತ್ತಾರೆ. ಸಾಹೇಬನ ಬುತ್ತಿಯಲ್ಲಿ ರೊಟ್ಟಿಯ ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ಅದರಲ್ಲಿ ಓಣಿಯ ಕಾಗದಪತ್ರ. ಆಧಾರಿನ ಝೆರಾಕ್ಸು, ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕಿನ ಮೊದಲ ಪುಟ. ಮೇಲೆ ತಂಗಿಯ ಚೀಟಿ: ‘ಚಿಗವ್ವಗ ಗೃಹಲಕ್ಷ್ಮಿ ಎರಡು ಸಾವಿರ ಮೂರು ತಿಂಗಳಾತು ಬಂದಿಲ್ಲ. ಕಾಕಾನ ಕಿಸಾನ್ ರೊಕ್ಕ ಇ-ಕೆವೈಸಿ ಅಂತ ನಿಂತೈತಿ. ಗುಡಿ ಪೂಜಾರಿ ಬೆಳಿವಿಮೆ ನೋಡು ಅಂದ. ಪಲ್ಯಾ ಮ್ಯಾಲಿನ ಡಬ್ಯಾಗ ಐತಿ, ಉತಾರದ ಮ್ಯಾಲ ಚೆಲ್ಲಬ್ಯಾಡ, ಹ್ವಾದಸಲ ಚೆಲ್ಲಿದ್ದಿ.’

ಸಾಹೇಬ ಸಿಡಿಮಿಡಿಗೊಳ್ಳುತ್ತಾನೆ. ‘ಓದೂದು ಹೆಂಗ್ರಿ ಸರ್ ಇಂಥಾದ್ರಾಗ?’ ಎನ್ನುತ್ತಲೇ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಫೋನು. ಚಿಗವ್ವನ ಖಾತೆಗೆ ಆಧಾರ್ ಜೋಡಣೆ ಕಡಿದಿದೆ ಎಂಬುದನ್ನು ಎರಡು ತುತ್ತಿನೊಳಗೆ ಕಂಡುಹಿಡಿದ. ಉತಾರದಲ್ಲಿ ಕಾಕಾನ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ, ಅದಕ್ಕೇ ದುಡ್ಡು ನಿಂತಿದ್ದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಎಲ್ಲಿ ಹಾಕಬೇಕು, ಎಫ್ಐಡಿ ಎಲ್ಲಿ ಬೇಕು, ನಾಡಕಚೇರಿಯಲ್ಲಿ ಯಾವ ಖಿಡಕಿಯ ಮುಂದೆ ನಿಂತರೆ ಬೈಸಿಕೊಳ್ಳುವುದು ಕಡಿಮೆ, ಎಲ್ಲ ಅವನಿಗೆ ಗೊತ್ತು. ಇವನ್ನೆಲ್ಲ ಮುಗಿಸಿ, ಕೈ ತೊಳೆದು, ಕೆಎಎಸ್ ಗೈಡಿನಲ್ಲಿ ‘ಇ-ಆಡಳಿತ ಎಂದರೇನು? ಅದರ ನಾಲ್ಕು ಅನುಕೂಲಗಳನ್ನು ಬರೆಯಿರಿ’ ಎಂಬುದನ್ನು ಉರು ಹೊಡೆಯಲು ಕೂತ. ಮೂರನೇ ಅನುಕೂಲ ನೆನಪಿಗೆ ಬರಲೊಲ್ಲದು. ಸಮಾಜ ಬದಲಾವಣೆಯ ತನ್ನ ಕೆಲಸಕ್ಕೆ ಈ ಸಮಾಜವೇ ದೊಡ್ಡ ಅಡ್ಡಿ ಎಂಬುದು ಅವನ ಪ್ರಾಮಾಣಿಕ ದೂರು.

ರಜೆಗೆ ಊರಿಗೆ ಹೋದರೆ ಭಾಷಣ. ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ವಾಲ್ಮೀಕಿ, ಕನಕ ಎಲ್ಲಕ್ಕೂ ಅವನೇ ಮುಖ್ಯ ಅತಿಥಿ. ಭಾಷಣ ಒಂದೇ, ಮೊದಲ ಸಾಲಿನಲ್ಲಿ ಹೆಸರು ಮಾತ್ರ ಬದಲಾಗುತ್ತದೆ. ಆದರೆ ಹೋದ ಸಲ ಕೊನೆಗೆ ಹೊಸದೊಂದು ಸೇರಿಸಿದ್ದ. ಪಕ್ಕದ ಊರಿನಲ್ಲಿ ಯಾರೋ ಫೋನು ಮಾಡಿ ನಂಬರು ಕೇಳಿ ಮುದುಕಿಯೊಬ್ಬಳ ಖಾತೆ ಗುಡಿಸಿದ್ದರು. ಸಾಹೇಬ ಮೈಕು ಹಿಡಿದು ಅರ್ಧ ಗಂಟೆ ಸೈಬರ್ ಮೋಸದ ಬಗ್ಗೆ ಹೇಳಿದ. ‘ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ಬ್ಯಾಂಕಿನಾಂವ ಕೇಳಿದ್ರೂ ಹೇಳಬ್ಯಾಡ್ರಿ. ಹೆತ್ತ ಮಗ ಕೇಳಿದ್ರೂ ಹೇಳಬ್ಯಾಡ್ರಿ!’ ಅವನ ಭಾಷಣಕ್ಕೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಅಂತರ್ಜಾತಿ ವಿವಾಹ, ವರದಕ್ಷಿಣೆ ನಿರ್ಮೂಲನ ಎರಡೂ ಪಟ್ಟಿಯಲ್ಲಿವೆ, ಅಧಿಕಾರ ಬಂದ ಮೇಲೆ. ಆದರೆ ಬೇಸಿಗೆಯಲ್ಲಿ, ಅಧಿಕಾರ ಬರುವ ಮೊದಲೇ, ತಂಗಿಗೆ ಗಂಡು ಬಂತು. ಪಿಯುಸಿ ಸೈನ್ಸಿನಲ್ಲಿ ಊರಿಗೇ ಮೊದಲು ಬಂದವಳು. ಹುಡುಗ ಲೈನ್‌ಮನ್, ಖಾಯಂ ನೌಕರಿ. ಅಪ್ಪ ಅರ್ಧ ಒಪ್ಪಿಯಾಗಿತ್ತು. ಸಾಹೇಬ ವಸ್ತಿ ಬಸ್ಸಿಗೆ ಊರಿಗೆ ಹೋದ. ಭಾಷಣ ಮಾಡಲಿಲ್ಲ. ಬೀಗರು ಚಹಾ ಕುಡಿಯುತ್ತಿದ್ದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತು, ‘ನಮ್ಮ ತಂಗಿ ಡಿಗ್ರಿ ಮುಗಿಯೂತನಕ ಲಗ್ನದ ಮಾತಿಲ್ರಿ’ ಎಂದ. ಗಂಡಿನ ಸೋದರಮಾವ ಕಾಕಾನ ಕಿವಿಯಲ್ಲಿ ‘ಯಾರ್ರೀ ಇವ್ರು?’ ಎಂದು ಕೇಳಿದ. ಕಾಕಾ, ಕಿಸಾನ್ ರೊಕ್ಕ ಜಮಾ ಆಗಿದ್ದ ಗುಂಗಿನಲ್ಲಿದ್ದವನು, ‘ಸಾಹೇಬ್ರು’ ಎಂದ. ‘ಯಾವ ಇಲಾಖೆ’ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಬೀಗರು ಎದ್ದು ನಿಂತು ಕೈಮುಗಿದು, ಮೂರು ವರ್ಷ ಬಿಟ್ಟು ನೋಡೋಣ ಎಂದು ಹೋದರು.

ಇದನ್ನು ಅವನು ನನಗೆ ಹೇಳಿದ್ದು ಸಾಧನೆಯೆಂದಲ್ಲ, ರಜಾ ಚೀಟಿಗೆ ಕಾರಣವೆಂದು. ‘ಎರಡು ದಿನ ಹಾಳಾತ್ರಿ ಸರ್, ಒಂದು ಟೆಸ್ಟ್ ಸೀರೀಸ್ ತಪ್ಪಿತು.’ ಕೆಂಪು ಪೆನ್ನಿನ ಪಟ್ಟಿ ನೋಡಿದೆ. ಯಾವ ಸಾಲಿನ ಮೇಲೂ ಗೀಟು ಬಿದ್ದಿರಲಿಲ್ಲ.

ಜೂನಿನಲ್ಲಿ ತಂಗಿ ತಾನೇ ಬುತ್ತಿ ಹೊತ್ತು ಬಂದಳು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, ಗಂಟಿಗೆ ಕಂಡಕ್ಟರನ ಹಂಗೂ ಇಲ್ಲ. ಬಿ.ಎಸ್ಸಿ. ಪ್ರವೇಶ. ಕಾಲೇಜಿನ ಕಟ್ಟೆಯ ಮೇಲೆ ಕೂಡಿಸಿಕೊಂಡು ಸಾಹೇಬ ಜೀವನದಲ್ಲಿ ಗುರಿ ಎಷ್ಟು ಮುಖ್ಯ ಎಂಬುದನ್ನು ವಿವರಿಸತೊಡಗಿದ.

‘ಅಣ್ಣಾ, ಗುರಿ ಆಮ್ಯಾಲ ನೋಡೂಣು. ಹಾಸ್ಟೆಲ್ ಅರ್ಜಿ ಇವತ್ತ ಕಡೀ ದಿನ. ಹಾಕು ಮೊದಲ.’

ಸಾಹೇಬ ಫೋನು ತೆಗೆದ. ಅವಳ ಆಧಾರಿಗೆ ಜೋಡಿಸಿದ್ದು ಅಪ್ಪನ ಮೊಬೈಲು. ಅಪ್ಪ ಹೊಲದಲ್ಲಿ, ಹೆಸರು ಬಿತ್ತನೆಯಲ್ಲಿ. ಫೋನು ಹಚ್ಚಿದ.

‘ಅಪ್ಪಾ, ನಿನ್ನ ಫೋನಿಗೆ ಈಗ ಆರು ನಂಬರ ಬಂದಾವ ನೋಡು. ಓದಿ ಹೇಳು ಲಗೂನ, ಹತ್ತು ಮಿನಿಟ್ ಅಷ್ಟ ಟೈಮ್ ಐತಿ.’

ಆ ಕಡೆ ಬಹಳ ಹೊತ್ತು ಎತ್ತಿನ ಗೆಜ್ಜೆಯದಷ್ಟೇ ಸಪ್ಪಳ. ಆಮೇಲೆ ಅಪ್ಪನ ದನಿ ಸ್ಪೀಕರಿನಲ್ಲಿ ಕಟ್ಟೆಗೆಲ್ಲ ಕೇಳುವಂತೆ ಬಂತು.

‘ಬಂದಾವ ಖರೆ. ಆದ್ರ ನೀನ ಹೇಳಿಯಲ್ಲಪಾ, ಹೆತ್ತ ಮಗ ಕೇಳಿದ್ರೂ ಹೇಳಬ್ಯಾಡ್ರಿ ಅಂತ!’