ಕುರ್ಚಿ ಕೊಟ್ಟು ನೋಡಿ

ಬೆಳೆಯುವ ಪೈರು ಮೊಳಕೆಯಲ್ಲೇ ಗೊತ್ತಾಗುತ್ತೆ, ನಾಯಕತ್ವ ರಕ್ತದಲ್ಲೇ ಬರಬೇಕು ಅಂತ ಬೇಲಿಯಾಚೆಯ ರಾಯರು ಮೊನ್ನೆಯೂ ಅಂದರು. ಚುನಾವಣೆಯ ಮಾತು ಬಂದಾಗಲೆಲ್ಲ ಅವರದು ಇದೇ ಪಲ್ಲವಿ. ನನಗೆ ಒಪ್ಪಿಗೆಯಿಲ್ಲ. ಮೊಳಕೆ ನೋಡಬೇಕಾದರೆ ಬೀಜ ಮೊದಲು ಮಣ್ಣಿಗೆ ಬೀಳಬೇಕಲ್ಲ ರಾಯರೇ? ನಮ್ಮ ಊರುಗಳಲ್ಲಿ ಅರ್ಧ ಜನಕ್ಕೆ ಆ ಮಣ್ಣೇ ಸಿಕ್ಕಿರಲಿಲ್ಲ.

ಹೆಂಗಸರ ಮಾತು ಹೇಳುತ್ತಿದ್ದೇನೆ. ಹಿಂದೆ ಪಂಚಾಯಿತಿಯಲ್ಲಿ ಒಬ್ಬಿಬ್ಬರ ಹೆಸರು ಇದ್ದರೂ ಮಾತೆಲ್ಲ ಊರಿನ ದೊಡ್ಡ ಮನೆಯವರದು. ಇದನ್ನು ಮುರಿಯಲು ಕೈಹಾಕಿದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ಅವರು ತಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇ. 25ರಷ್ಟು ಸ್ಥಾನಗಳನ್ನು ಹೆಂಗಸರಿಗೆ ತೆಗೆದಿಟ್ಟಿತು. 1987ರಲ್ಲಿ ಚುನಾವಣೆಯೂ ಆಯಿತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಅಂತ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಅದನ್ನು ನೋಡಲು ನಜೀರ್ ಸಾಬರು ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. ಈಗ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಹೆಂಗಸರ ಪಾಲು ಶೇ. 50.

‘ಗೆದ್ದದ್ದು ಹೆಂಡತಿ, ಆಳಿದ್ದು ಗಂಡ’ ಅಂತ ರಾಯರು ತಕ್ಷಣ ಬಾಣ ಬಿಟ್ಟರು. ಹೌದು, ಅದು ನಡೆದಿದೆ, ಇವತ್ತಿಗೂ ನಡೆಯುತ್ತಿದೆ. ಸಭೆಯ ಸೂಚನೆ ಆಕೆಯ ಹೆಸರಿಗೆ, ಕುರ್ಚಿಯಲ್ಲಿ ಯಜಮಾನರು. ಆದರೆ ಅಲ್ಲಿಗೇ ಕಥೆ ನಿಲ್ಲಿಸಿದರೆ ಅನ್ಯಾಯ. ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಾಗ ‘ಇದರಲ್ಲಿ ಏನು ಬರೆದಿದೆ, ಓದಿ’ ಅಂತ ಆಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳುವ ದಿನ ಬರುತ್ತದೆ. ಕ್ರಿಯಾಯೋಜನೆಯಲ್ಲಿ ಮತ್ತೊಂದು ಕಾಂಕ್ರೀಟ್ ರಸ್ತೆ ಬಂದರೆ, ಹರಿಜನ ಕೇರಿಯ ಕೈಪಂಪು ಕೆಟ್ಟಿರುವಾಗ ಇದು ಯಾಕೆ ಅನ್ನುತ್ತಾಳೆ. ಯಾವ ಪಂಪು ಕೆಟ್ಟಿದೆ ಅಂತ ಕೊಡ ಹೊತ್ತವಳಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ಲೆಕ್ಕ ಇಡುವುದು, ಬ್ಯಾಂಕಿನ ಮ್ಯಾನೇಜರ್ ಎದುರು ಕೂತು ಮಾತಾಡುವುದು ಎಷ್ಟೋ ಜನಕ್ಕೆ ಸ್ತ್ರೀಶಕ್ತಿ ಸಂಘದಲ್ಲೇ ರೂಢಿಯಾಗಿರುತ್ತದೆ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಎಸ್ಟಿಮೇಟು, ಬಿಲ್ಲು ಎಲ್ಲ ಕೆಲಸ ಮಾಡುತ್ತಲೇ ಕಲಿಯುವಂಥವು. ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನದೇ ತರಬೇತಿ ಸಂಸ್ಥೆ ಇದೆ, ಪಾಠ ಅಲ್ಲೂ ಸಿಗುತ್ತದೆ. ಇದರಲ್ಲಿ ಯಾವುದು ರಕ್ತದಲ್ಲಿ ಬಂತು?

ಹುಟ್ಟು ನಾಯಕರು ಇಲ್ಲವೇ ಇಲ್ಲ ಅಂತ ನಾನು ಹಟ ಹಿಡಿಯುವುದಿಲ್ಲ. ದನಿ, ಧೈರ್ಯ, ಜ್ಞಾಪಕಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಹೆಚ್ಚು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನೇ ನೋಡಿ ಅಂತ ರಾಯರೂ ಅಂದರು. ನೋಡಿದೆ. ಆದರೆ 1951ರಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅಳತೆಗಾಗಿ ಧಣಿಗಳ ಎದುರು ನಿಲ್ಲದಿದ್ದರೆ, ಮರುವರ್ಷ ಗೌಡರು ಶಾಸನಸಭೆಗೆ ಹೋದಾಗ ಅವರ ಮಾತಿಗೆ ಆ ಕಸುವು ಎಲ್ಲಿಂದ ಬರುತ್ತಿತ್ತು? ಓದು ಬಾರದ ಒಕ್ಕಲುಗಳೇ ಅವರನ್ನು ತಯಾರು ಮಾಡಿದವರು.

ನನ್ನ ಸಂಕಟ ಬೇರೆ. ಮೀಸಲಾತಿ ಸರದಿಯಲ್ಲಿ ತಿರುಗುತ್ತದೆ, ಅಧ್ಯಕ್ಷಗಿರಿ 30 ತಿಂಗಳಿಗೆ ಮುಗಿಯುತ್ತದೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಬೇರೆ ವರ್ಗಕ್ಕೆ. ಸರದಿ ತಪ್ಪಲ್ಲ, ಇನ್ನೊಬ್ಬರಿಗೂ ಅವಕಾಶ ಬೇಕು. ಆದರೆ ಕಲಿತ ಹೆಂಗಸನ್ನು ಸಾಮಾನ್ಯ ಸ್ಥಾನದಲ್ಲಿ ನಿಲ್ಲಿಸಲು ಊರು ಮುಂದೆ ಬರುವುದಿಲ್ಲ. ಆಕೆ ಒಲೆ ಮುಂದೆ ವಾಪಸ್ಸಾದರೆ ನಷ್ಟ ಊರಿಗೇ. ಆಮೇಲೆ ಒಳ್ಳೆಯ ನಾಯಕರೇ ಇಲ್ಲ ಅಂತ ಕೊರಗುತ್ತೇವೆ.

ಮುಂದಿನ ಗ್ರಾಮಸಭೆಗೆ ದಯವಿಟ್ಟು ಹೋಗಿ. ನಿಮ್ಮ ವಾರ್ಡಿನ ಸದಸ್ಯೆಯನ್ನೇ ಹೆಸರು ಹಿಡಿದು ಪ್ರಶ್ನೆ ಕೇಳಿ. ಉತ್ತರ ತಡವಾದರೆ ಕಾಯಿರಿ. ಗಂಡ ಎದ್ದು ನಿಂತರೆ ಕೂರಲು ಹೇಳಿ.